ಒಂದಕ್ಷರದ ಎಡವಟ್ಟು

"ಮಿಸ್, ನಾವೆಲ್ಲ ನಿಮಗೆ ಎಂದೆಂದಿಗೂ ಕೃತಘ್ನರು!"

ಮೈಕಿನಲ್ಲಿ ಗುಂಗಿಯ ದನಿ ಗಣಗಣ ಎಂದಿತು. ಒಂದು ಕ್ಷಣ ಸ್ಕೂಲ್ ಹಾಲ್ ಪೂರ್ತಿ ಗಪ್‌ಚಿಪ್. ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ, ನಗುವಿನ ಅಲೆ ಮುಂದಿನ ಸಾಲಿನವರೆಗೂ ಉರುಳಿ ಬಂತು. ಬೇರೆ ಊರಿಗೆ ಹೊರಟಿದ್ದ ಮ್ಯೂಸಿಕ್ ಮಿಸ್ ಕೂಡ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು.

ಸದಾ ಯಾವುದೋ ಗುಂಗಿನಲ್ಲಿರುತ್ತಾಳೆ ಅಂತಲೇ ಗುಂಗಿಗೆ ಆ ಹೆಸರು. ಸ್ಟೇಜ್ ಇಳಿದ ಮೇಲೂ ತಾನೇನು ತಪ್ಪು ಹೇಳಿದೆ ಎಂದು ಅವಳಿಗೆ ಹೊಳೆಯಲಿಲ್ಲ.

"ಕೃತಜ್ಞರು ಅನ್ಬೇಕಿತ್ತು ಕಣೇ! ಪೂರ್ತಿ ಉಲ್ಟಾ ಹೇಳ್ಬಿಟ್ಟೆ," ಎಂದು ಪಕ್ಕದವಳು ಕಿವಿಯಲ್ಲಿ ಉಸುರಿದಳು.

ಮನೆಗೆ ಬಂದವಳೇ ಬ್ಯಾಗ್ ಎಸೆದು ಅಕ್ಕನ ಮೇಲೆ ಹಾರಿಬಿದ್ದಳು.

"ಎಲ್ಲಾ ನಿನ್ನಿಂದ್ಲೇ! ನೀನು ನಂಗೆ ಏನೂ ಹೇಳ್ಕೊಡ್ಲೇ ಇಲ್ಲ!"

ಅಕ್ಕ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು.

ಬಾಲ್ಕನಿಯಲ್ಲಿ ಅಜ್ಜ ಗಿಡಗಳಿಗೆ ನೀರು ಚಿಮುಕಿಸುತ್ತಿದ್ದರು. ಎಲೆಗಳ ಮೇಲಿನ ಒಂದೊಂದು ಹನಿಯಲ್ಲೂ ಸಂಜೆಯ ಬಿಸಿಲು ಸಿಕ್ಕಿಕೊಂಡು ಮಿನುಗುತ್ತಿತ್ತು.

"ಅಜ್ಜಾ, ಕೃತಘ್ನ ಅಂದ್ರೆ ಏನು?"

"ಯಾರೋ ನಮಗೊಂದು ಒಳ್ಳೇದು ಮಾಡಿರ್ತಾರೆ. ಅದನ್ನ ಕೊಂದುಹಾಕೋನು ಕೃತಘ್ನ."

"ಒಳ್ಳೇದನ್ನ ಕೊಲ್ಲೋದಾ? ಅದಕ್ಕೇನು ಜೀವ ಇರುತ್ತಾ?"

"ಇರುತ್ತೆ ಮರಿ. 'ನೀನು ನಂಗೆ ಏನೂ ಮಾಡೇ ಇಲ್ಲ' ಅಂದ್ಬಿಟ್ರೆ ಸಾಕು, ಸತ್ತೋಗುತ್ತೆ."

ಗುಂಗಿ ಗ್ರಿಲ್ಲಿಗೆ ಕೆನ್ನೆ ಒತ್ತಿ ನಿಂತಳು. ಮೋಡಗಳು ಮೆಲ್ಲಗೆ ಸಾಗುತ್ತಿದ್ದವು. ಅವುಗಳ ಜೊತೆ ಅವಳ ಮನಸ್ಸೂ ತೇಲುತ್ತ ತೇಲುತ್ತ ನಿನ್ನೆಯ ಸಂಜೆಗೆ ಹೋಯಿತು.

ಪರೀಕ್ಷೆ ಹತ್ತಿರ ಬಂದಿದ್ದರೂ ಅಕ್ಕ ಪುಸ್ತಕ ಮಡಚಿಟ್ಟಿದ್ದಳು. ಬಾಚಣಿಗೆಯನ್ನೇ ಮೈಕ್ ಮಾಡಿ ಹಿಡಿದಿದ್ದಳು. "ಜ್ಞ, ಜ್ಞ... ಎಲ್ಲಿ, ಹೇಳು ನೋಡೋಣ," ಎಂದು ಮೂಗು ಹಿಂಡಿ ನಗಿಸಿದ್ದಳು. ಗುಂಗಿ ಮಾತ್ರ ಕಿಟಕಿಯಾಚೆ ಒಂದು ಕೆಂಪು ಗಾಳಿಪಟ ನೋಡುತ್ತ ಹೂಂ ಹೂಂ ಎನ್ನುತ್ತಿದ್ದಳು.

ಗುಂಗಿ ಗ್ರಿಲ್ ಬಿಟ್ಟು ಕೋಣೆಗೆ ನಡೆದಳು.

ಒಳಗೆ ಅಕ್ಕ ಮಂಚದ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಓದುತ್ತಿದ್ದಳು.

"ಅಕ್ಕಾ... ನಿನ್ನೆ ನೀನು ಚೆನ್ನಾಗೇ ಹೇಳ್ಕೊಟ್ಟಿದ್ದೆ."

ಅಕ್ಕ ತಿರುಗಲಿಲ್ಲ. ಪುಟದ ಮೇಲೆ ಅವಳ ಬೆರಳು ಮಾತ್ರ ನಿಂತಿತು.

"ನಾನೇ ಗಾಳಿಪಟ ನೋಡ್ತಿದ್ದೆ."

ಅಕ್ಕ ಕೊಂಚ ಸರಿದು ಜಾಗ ಬಿಟ್ಟಳು. ಗುಂಗಿ ಮಂಚ ಹತ್ತಿ, ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಅಕ್ಕ ಗಟ್ಟಿಯಾಗಿ ಓದತೊಡಗಿದಳು. ಆ ದನಿ ಬೆನ್ನಿನೊಳಗಿಂದ ಗುಂಯ್ ಎನ್ನುತ್ತ ಬಂತು. ಗುಂಗಿ ಕಣ್ಣು ಮುಚ್ಚಿ, ಒಂದು ಮಾತೂ ಬಿಡದೆ ಕೇಳಿದಳು.