ಸ್ತೊಯ್ಮೆನನ ಕಲಾಯಿ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗ್ಲಿಗೋರ್ ಕ್ರಾತೊವೊ ಠಾಣೆಗೆ ನುಗ್ಗಿದ. ಹಿಂದಿನ ದಿನ ಅವನ ದೊಡ್ಡಪ್ಪ, ಕಲಾಯಿಗಾರ ಸ್ತೊಯ್ಮೆನನ ವರ್ಷದ ಸ್ಮರಣೆಯ ಊಟವಿತ್ತು. ಉಂಡವರಲ್ಲಿ ಹೆಚ್ಚಿನವರು ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದಿದ್ದರು. ಗ್ಲಿಗೋರನ ತಂದೆ ಕುಜ್ಮನ್ ನಸುಕಿನಲ್ಲಿ ತೀರಿಕೊಂಡಿದ್ದ.

"ದೊಡ್ಡಮ್ಮನೇ ವಿಷ ಹಾಕಿದ್ದು. ಬರ್ಕೊಳ್ಳಿ ಸರ್."

ಇನ್‌ಸ್ಪೆಕ್ಟರ್ ಬ್ಲಾಗೋಯ ಎಫ್‌ಐಆರ್ ಬರೆದುಕೊಂಡ. ಆ ದೊಡ್ಡಮ್ಮ, ಸ್ತೊಯ್ಮೆನನ ಹೆಂಡತಿ ಲೊಜಾನಜ್ಜಿಯ ಕೈಯಡುಗೆ ಉಂಡು ಬೆಳೆದವನು ಅವನೂ ಹೌದು.

ಹತ್ತು ಗಂಟೆಗೆ ಅಜ್ಜಿಯ ಅಡುಗೆಮನೆಯಲ್ಲಿ ಪಂಚನಾಮೆ ನಡೆಯಿತು.

"ಈ ಬ್ರಾಂಡೀನೂ ಪರೀಕ್ಷೆಗೆ ಕಳಿಸೋದಾ ಸರ್?" ಪೇದೆ ಜ್ಲಾತೆ ಕೇಳಿದ.

"ಕಳ್ಸು. ನೀನೇ ಪರೀಕ್ಷೆ ಮಾಡ್ಬೇಡ."

ತಾಮ್ರದ ಕೊಪ್ಪರಿಗೆಯ ತಳದಲ್ಲಿ ಹುಳಿ ಬರಿಸಿದ ಎಲೆಕೋಸಿನ ಪಲ್ಯ ಉಳಿದಿತ್ತು. ಬಳಿದು ತೆಗೆದಾಗ ಬಿಳಿ ತವರದ ಕಲಾಯಿ ಕಾಣಬೇಕಾದಲ್ಲಿ ಕೆಂಪು ತಾಮ್ರ ಕಂಡಿತು; ಅಂಚಿನಲ್ಲಿ ಹಸಿರು ಕಿಲುಬು. ಬುಧವಾರ ವರದಿ ಬಂತು: ಬ್ರಾಂಡಿ ಶುದ್ಧ, ಪಲ್ಯದ ತುಂಬ ತಾಮ್ರ.

"ಅಡುಗೆ ಯಾವಾಗ ಮಾಡಿದ್ರಿ ಅಜ್ಜಿ?" ಬ್ಲಾಗೋಯ ಕೇಳಿದ.

"ಶುಕ್ರವಾರ ಸಂಜೆ."

"ರಾತ್ರಿಯೆಲ್ಲಾ ಆ ಕೊಪ್ಪರಿಗೇಲೇ ಇತ್ತಾ?"

"ಹೂಂ."

"ತಾಮ್ರಕ್ಕೆ ಹುಳಿ ತಾಕಿದ್ರೆ ವಿಷ ಅಂತ ಗೊತ್ತಿರ್ಲಿಲ್ವಾ?"

"ಕಲಾಯಿಗಾರನ ಹೆಂಡ್ತಿ ಕಣಪ್ಪ ನಾನು. ಗೊತ್ತಿಲ್ದೇ ಇರುತ್ತಾ?"

"ಮತ್ತೆ ಹೊಸದಾಗಿ ಕಲಾಯಿ ಹಾಕಿಸ್ಬಾರದಿತ್ತಾ? ಚೌಕದಲ್ಲಿ ಇನ್ನೊಬ್ಬ ಕಲಾಯಿಗಾರ ಕೂತಿದಾನಲ್ಲ."

ಲೊಜಾನ ಹೆಗಲನ್ನು ಸುಮ್ಮನೆ ಸವರಿಕೊಂಡಳು. "ಹೊಸದು ಹಾಕೋ ಮುಂಚೆ ಹಳೇದನ್ನ ಕಾಯ್ಸಿ, ಕೆರೆದು ತೆಗೀತಾನೆ. ಅದು ನಮ್ಮ ಯಜಮಾನರು ಕೈಯಾರೆ ಹಾಕಿದ್ದು, ಮಗಾ. ಅಲ್ಲಲ್ಲಿ ಇನ್ನೂ ಬೆಳ್ಳಗಿತ್ತು. ಅವರ ದಿನದ ಅಡುಗೆ ಒಂದು ಅದರಲ್ಲಾಗ್ಲಿ, ಅಷ್ಟಕ್ಕೆ ತಡೆಯುತ್ತೆ ಅಂದ್ಕೊಂಡೆ. ಮೈದುನ ಕುಜ್ಮನ್ ಎರಡು ಸಲ ಬಡಿಸ್ಕೊಂಡ."

ಬ್ಲಾಗೋಯ ಕಾನೂನನ್ನೆಲ್ಲ ತಲೆಯಲ್ಲೇ ತಿರುವಿ ಹಾಕಿದ. ಕೊಲೆಯ ಆರೋಪ ಬಿಡಬಹುದಿತ್ತು, ನಿರ್ಲಕ್ಷ್ಯದಿಂದಾದ ಸಾವನ್ನು ಬಿಡುವಂತಿರಲಿಲ್ಲ. ಗ್ಲಿಗೋರನನ್ನು ಕರೆದು ವಿಷಯ ತಿಳಿಸಿದ. ಅವನು ತನ್ನ ದೂರಿನ ಪ್ರತಿಯನ್ನು ಮಡಚಿ ಮೇಜಿನ ಮೇಲಿಟ್ಟ.

"ಈಗ ಬಯ್ಯೋಕೂ ಬಾಯಿ ಬರ್ತಿಲ್ಲ ಸರ್."

ಸಂಜೆ ನಾಲ್ಕಕ್ಕೆ ಬಂಧನ. ಅಜ್ಜಿ ತಾನಾಗಿಯೇ ಜೀಪು ಹತ್ತಿದಳು. ಜ್ಲಾತೆ ಕೊಪ್ಪರಿಗೆಗೆ ಮೊಹರು ಹಾಕಿ ಹಿಂದಿನ ಸೀಟಿನಲ್ಲಿಟ್ಟ.

"ಇದನ್ನ ಎಲ್ಲಿಗೆ ಒಯ್ತೀರಿ?" ಅಜ್ಜಿ ಕೇಳಿದಳು.

"ಪ್ರಯೋಗಾಲಯಕ್ಕೆ," ಬ್ಲಾಗೋಯ ಹೇಳಿದ.

"ಇರೋ ಕಲಾಯೀನೂ ಕೆರೀತಾರಾ?"

ಪರೀಕ್ಷೆಗಾಗಿ ಪೂರ್ತಿ ಕೆರೆಯುತ್ತಾರೆಂದು ಬ್ಲಾಗೋಯನಿಗೆ ಗೊತ್ತಿತ್ತು. ಕಾಗದಕ್ಕೆ ಸಹಿ ಹಾಕಿದವನು ಅವನೇ.

"ಇಲ್ಲ ಅಜ್ಜಿ."

ಲೊಜಾನ ಅವನ ಮುಖ ನೋಡಿದಳು, ಮೆಲ್ಲಗೆ ಅವನ ಕೈ ತಟ್ಟಿದಳು.

"ಹೋಗ್ಲಿ ಬಿಡು ಮಗಾ. ನಿನ್ನ ಕೈಲಿ ಏನಿದೆ?"