ಹರಿಗೋಲಿನ ಮೇಲಿಟ್ಟ ಹುಟ್ಟು

ಕೆರೆಯ ನಡುವೆ ಹರಿದ ಬಲೆಯ ತುಂಡೊಂದು ತೇಲುತ್ತಿತ್ತು. ಮೀನಿಗೆ ಹೋಗಿದ್ದ ಚಿಕ್ಕಣ್ಣ ಎಳೆದ. ಭಾರವಾಗಿತ್ತು. ದೊಡ್ಡ ಮೀನು ಎಂದುಕೊಂಡ. ಬಂದದ್ದು ನಿಂಗಯ್ಯನ ಹೆಣ. ಬಲೆಯ ಹಗ್ಗ ಬಲಗೈಗೆ ಎರಡು ಸುತ್ತು ಬಿಗಿದಿತ್ತು.

1937ರ ಬೇಸಿಗೆ. ಬಿಳಿಕೆರೆಯ ಕಡೆ ನೀರು ಅರ್ಧಕ್ಕೆ ಇಳಿದಿತ್ತು. ಇದ್ದಷ್ಟು ನೀರಿಗೆ ಮೂವತ್ತು ಹರಿಗೋಲು. ಜಗಳವಾಗದಿರಲೆಂದು ಹಿಂದಿನಿಂದ ಬಂದ ಕಟ್ಟಳೆಯೊಂದಿತ್ತು. ಬೇರೆಯವನ ಬಲೆಯನ್ನು ತೇಲಿಸುವ ಸೋರೆಬುರುಡೆಗಳ ಸಾಲು ಕಂಡರೆ ಹುಟ್ಟನ್ನು ನೀರಿನಿಂದೆತ್ತಬೇಕು. ಕೂಗಬೇಕು. ಬಲೆಯವನು ಕೈ ಬೀಸಿದ ಮೇಲೆ ಮೆಲ್ಲಗೆ ದಾಟಬೇಕು.

ಹುಣಸೂರಿನಿಂದ ಪೊಲೀಸ್ ದಫೇದಾರ್ ಅಣ್ಣಯ್ಯ ಬಸ್ಸಿಳಿದಾಗ ನಡುಮಧ್ಯಾಹ್ನ. ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಹರಿಗೋಲುಗಳಿಗೆ ತೊಗಲು ಹೊದಿಸುವ, ತಾನೂ ಬಲೆ ಬಿಡುವ ಶಂಶುದ್ದೀನನನ್ನು ಚಾವಡಿಯ ಕಂಬಕ್ಕೆ ಕಟ್ಟಿದ್ದರು. ಅವನ ಸೊಂಟದ ಚೂರಿಯಲ್ಲಿ ರಕ್ತದ ಕಲೆಯಿತ್ತು.

"ಇವ್ನೇ ಕಣಪ್ಪ!" ನಿಂಗಯ್ಯನ ಹೆಂಡತಿ ಮಂಗಳಮ್ಮ ಎದೆ ಬಡಿದುಕೊಂಡಳು. "ತನ್ನ ಬಲೆ ಮ್ಯಾಲೆ ಬಲೆ ಬುಟ್ಟ ಅಂತ ಮೊನ್ನೆ ಜಗಳ ಆಡ್ದ. ಕುಯ್ದಾಕ್ತೀನಿ ಅಂದ!"

"ಬಲೆ ಕುಯ್ದಾಕ್ತೀನಿ ಅಂದೆ ಕಣಕ್ಕ. ಖುದಾ ಕಸಮ್, ನಿಂಗಣ್ಣನ್ನಲ್ಲ," ಎಂದ ಶಂಶುದ್ದೀನ್. "ಚೂರೀಲಿರೋದು ಹಸಿ ತೊಗಲಿನ ರಕ್ತ ಸಾಬ್."

"ನಾನೇ ನೋಡಿದೀನಿ," ಎಂದಿತು ಜಗಲಿಯ ಮೇಲಿನ ಕುರ್ಚಿ.

ಕುರ್ಚಿಯಲ್ಲಿದ್ದವರು ಮೈಸೂರಿನ ಕಂಟ್ರಾಕ್ಟರ್ ವೀರಭದ್ರಸ್ವಾಮಿ. ಎರಡು ಬೆರಳಗಲದ ಮೀಸೆ, ಅರ್ಧ ಬೆರಳಗಲದ ತಿಳಿವಳಿಕೆ. ಕಾಡುಬಾತು ಹೊಡೆಯಲು ಬಂದು ಮೂರು ವಾರವಾಗಿತ್ತು. ಹಸಿರು ಬಣ್ಣದ ಮರದ ದೋಣಿಯನ್ನು ಲಾರಿಯಲ್ಲಿ ಹೊರಿಸಿಕೊಂಡು ಬಂದಿದ್ದರು. ಕೆರೆಯ ಮೂವತ್ತು ಜನರಲ್ಲಿ ಒಬ್ಬನ ಹೆಸರೂ ಅವರಿಗೆ ಗೊತ್ತಿರಲಿಲ್ಲ.

"ಬೆಳಗಿನ ಜಾವ ಈ ಟೋಪಿಯವನು ಆ ಬಲೆ ಹತ್ತಿರ ಇದ್ದ. ನಾನು ಪಕ್ಕದಲ್ಲೇ ಹೋದೆ."

"ಬಲೇನ ತಾವು ಎಂಗೆ ದಾಟುದ್ರಿ ಸ್ವಾಮಿ?" ಎಂದು ಅಣ್ಣಯ್ಯ ಕೇಳಿದ.

"ಹುಟ್ಟೆತ್ತಿ ದಾಟಿದೆ. ನಿಮ್ಮ ಶಾಸ್ತ್ರ ನನಗೂ ಗೊತ್ತು. ಮೀನು ನಾರೋ ಮುಖಗಳಿಗೂ ಮರ್ಯಾದೆ ಕೊಡಬೇಕಂತಲ್ಲ!" ನಕ್ಕರು. ಬೇರೆ ಯಾರೂ ನಗಲಿಲ್ಲ.

* * *

ಅಣ್ಣಯ್ಯ ಎಲೆಯಡಿಕೆ ಜಗಿಯುತ್ತ ದಡದಲ್ಲಿ ಬಹಳ ಹೊತ್ತು ಅಡ್ಡಾಡಿದ. ಅವಸರ ಅವನ ಜಾಯಮಾನದಲ್ಲಿರಲಿಲ್ಲ. ಹೆಣದ ಮೇಲೆ ಚೂರಿಯ ಗಾಯವಿರಲಿಲ್ಲ. ಹರಿದ ಬಲೆಯನ್ನು ಬೆರಳಲ್ಲಿ ಸವರಿದ. ಚೂರಿಯಿಂದ ಕೊಯ್ದ ನೂಲಿನ ತುದಿ ಒಪ್ಪವಾಗಿರುತ್ತದೆ. ಇಲ್ಲಿ ತುದಿಗಳೆಲ್ಲ ಎಳೆದು ಕಿತ್ತು ಕೆದರಿದ್ದವು.

ಹರಿಗೋಲುಗಳೆಲ್ಲ ದಡದಲ್ಲಿ ಕವುಚಿ ಮಲಗಿದ್ದವು. ನಿಂಗಯ್ಯನದೂ ಇತ್ತು. ನಿಂಗಯ್ಯ ನೀರಿನಲ್ಲಿ, ಅವನ ಹರಿಗೋಲು ದಡದಲ್ಲಿ. ಅದರ ಬೆನ್ನಿನ ಮೇಲೆ ಹುಟ್ಟು ನೀಟಾಗಿ ಒರಗಿತ್ತು.

ಅಣ್ಣಯ್ಯ ಮಂಗಳಮ್ಮನನ್ನು ಕರೆಸಿದ.

"ತಾಯಿ, ನಿನ್ನ ಗಂಡ ದಿನಾ ಹಿಂಗೇ ಇಡ್ತಿದ್ನಾ?"

ಅವಳು ನೋಡಿದಳು. ಅಳು ನಿಂತಿತು.

"ಇಲ್ಲ ಕಣಪ್ಪ. ಒದ್ದೆ ಉಟ್ಟುನ್ನ ಬಿಸ್ಲಿಗಿಕ್ಕುದ್ರೆ ಸೀಳೋಯ್ತದೆ. ಅರ್ಗೋಲಿನಡೀಕೆ ತಳ್ತಿದ್ದ. ಎಲ್ರೂ ಅಂಗೇಯ."

ಅಣ್ಣಯ್ಯ ಉಳಿದ ಇಪ್ಪತ್ತೊಂಬತ್ತನ್ನೂ ಒಂದೊಂದಾಗಿ ಎತ್ತಿಸಿದ. ಇಪ್ಪತ್ತೊಂಬತ್ತರಲ್ಲೂ ಹುಟ್ಟು ಒಳಗೇ ಇತ್ತು.

"ಶಂಶುದ್ದೀನನೂ ಅಂಗೇ ಇಡ್ತಾನಾ?"

ಮಂಗಳಮ್ಮ ನೆಲ ನೋಡಿಕೊಂಡು ಹೇಳಿದಳು. "ಎಲ್ರಿಗೂ ಏಳ್ಕೊಟ್ಟೋನೇ ಅವ್ನು."

* * *

"ಆ ಹಸಿರು ದೋಣೀನ ಕವುಚ್ರಲಾ," ಎಂದ ಅಣ್ಣಯ್ಯ.

"ಏನಯ್ಯಾ!" ವೀರಭದ್ರಸ್ವಾಮಿ ದಡಕ್ಕೆ ಇಳಿದು ಬಂದರು. "ಮೈಸೂರಲ್ಲಿ ನನಗೆ ಯಾರ್ಯಾರು ಗೊತ್ತು ಅಂತ ನಿನಗೆ ಗೊತ್ತಾ?"

"ಗೊತ್ತಿಲ್ಲ ಸ್ವಾಮಿ. ಕವುಚ್ರಲಾ."

ಎಂಟು ಜನ ಹಿಡಿದು ಕವುಚಿದರು. ದೋಣಿಯ ಅಡಿಯಲ್ಲಿ ಉದ್ದಕ್ಕೂ ಎದ್ದ ಮರದ ಪಟ್ಟಿಯೊಂದಿತ್ತು. ಅದಕ್ಕೆ ಬಲೆಯ ನೂಲು ಸುತ್ತಿಕೊಂಡಿತ್ತು. ನೂಲಿನಲ್ಲಿ ಒಡೆದ ಸೋರೆಬುರುಡೆಯ ಚೂರು ನೇತಾಡುತ್ತಿತ್ತು.

"ಅರಿಗೋಲಿನಡಿ ಚಪ್ಪಟೆ," ಅಣ್ಣಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ. "ಬಲೆ ಮ್ಯಾಲೆ ಜಾರ್ಕೊಂಡೋಯ್ತದೆ. ಈ ಪಟ್ಟಿ ಬಲೇನ ಎಳ್ಕೊಂಡೋಯ್ತದೆ. ನಿಂಗಯ್ಯ ಹಗ್ಗ ಕೈಗೆ ಸುತ್ಕೊಂಡಿದ್ದ. ಬಲೆ ಜತೆ ಅವನೂ ನೀರಿಗೋದ. ಆಮೇಲೆ ಇವರು ಅರಿಗೋಲ್ನ ದಡಕ್ಕೆಳೆದು ಕವುಚುದ್ರು. ಕಂಡೋರು ನಿಂಗಯ್ಯ ಮನೇಗೋದ ಅನ್ಕೊಳ್ಲಿ, ನೀರಲ್ಲಿ ಹುಡುಕ್ದೆ ಇರ್ಲಿ ಅಂತ. ಹೆಣ ಬೇಗ ಸಿಕ್ಬುಡ್ತು. ಆಗ ಟೋಪಿಯವನ ಮ್ಯಾಲೆ ಹೊರ್ಸೋದು ನೆನಪಾಯ್ತು. ಆದ್ರೆ ಹುಟ್ಟು ಎಲ್ಲಿಡ್ಬೇಕು ಅಂತ ಗೊತ್ತಿರ್ಲಿಲ್ಲ. ಈ ಕೆರೇಲಿ ಅದು ಗೊತ್ತಿಲ್ದೋರು ಒಬ್ರೇ."

ವೀರಭದ್ರಸ್ವಾಮಿಯ ಮುಖ ಕೆಂಪಾಯಿತು. ಅಂಜಿಕೆಯಿಂದಲ್ಲ, ಅವಮಾನದಿಂದ.

"ಅಡ್ಡ ನಿಂತು ಕೈ ತೋರಿಸ್ತಾನೆ, ನಿಲ್ಲು ನಿಲ್ಲು ಅಂತ. ನನಗೆ! ಒಬ್ಬ ಮೀನಿನವನಿಗೆ ನಾನು ನಿಲ್ಲಬೇಕಾ?"

"ಅವನು ನೀರಿಗೆ ಬಿದ್ದದ್ದು ಕಾಣ್ಲಿಲ್ವಾ?"

"ಕಾಣ್ತು. ಕೂಗ್ತಿದ್ದ. ನನ್ನ ದೋಣಿ ವಾಲ್ತಿತ್ತು, ನಾನು ಅದನ್ನ ನೋಡ್ಕೊಳ್ಳಬೇಡವಾ?"

ಚಿಕ್ಕಣ್ಣ ಪಕ್ಕಕ್ಕೆ ತಿರುಗಿ ಕ್ಯಾಕರಿಸಿ ಉಗಿದ. ಮಂಗಳಮ್ಮ ಚಾವಡಿಗೆ ನಡೆದು ಶಂಶುದ್ದೀನನ ಕಟ್ಟನ್ನು ತಾನೇ ಬಿಚ್ಚಿದಳು. ಅದೇ ಹಗ್ಗ ಕಂಟ್ರಾಕ್ಟರರ ಕೈಗೆ ಸಾಕಾಯಿತು.

* * *

ಬಸ್ಸಿನ ರಸ್ತೆ ಆಚೆ ದಡದಲ್ಲಿತ್ತು. ಏರಿಯ ಮೇಲೆ ನಡೆದು ಹೋಗಬಹುದಿತ್ತು. ಅಣ್ಣಯ್ಯ ಕಂಟ್ರಾಕ್ಟರರನ್ನು ಹರಿಗೋಲು ಹತ್ತಿಸಿದ. ಹುಟ್ಟು ಶಂಶುದ್ದೀನನ ಕೈಯಲ್ಲಿ.

ನಡುನೀರಿನಲ್ಲಿ ನಿಂಗಯ್ಯನ ಬಲೆಯ ಉಳಿದರ್ಧ ಇನ್ನೂ ಇತ್ತು. ಬುರುಡೆಗಳು ತೇಲುತ್ತಿದ್ದವು. ಶಂಶುದ್ದೀನ್ ಹುಟ್ಟೆತ್ತಿ "ಓ..." ಎಂದು ಕೂಗಿದ. ಹರಿಗೋಲು ನಿಂತಲ್ಲೇ ಮೆಲ್ಲಗೆ ತಿರುಗತೊಡಗಿತು.

"ಸತ್ತವನ ಬಲೆ. ಯಾರನ್ನ ಕೇಳ್ತಿದೀಯ? ನಡಿ, ಬಸ್ಸು ತಪ್ಪುತ್ತೆ!" ಎಂದರು ವೀರಭದ್ರಸ್ವಾಮಿ.

"ತಪ್ಲಿ," ಎಂದ ಅಣ್ಣಯ್ಯ. ಆ ಹೊತ್ತಿನವರೆಗೆ ಅವನು ಅವರನ್ನು ಸ್ವಾಮಿ ಎನ್ನುತ್ತಿದ್ದ. "ಸುಮ್ಕೆ ಕೂತ್ಕೊಳ್ಲಾ."

ಕಾದರು. ಬಹಳ ಹೊತ್ತು ಕಾದರು. ಕೊನೆಗೆ ಬಿಟ್ಟು ಬಂದ ದಡದಲ್ಲಿ ಮಂಗಳಮ್ಮ ಎದ್ದು ನಿಂತು ಒಮ್ಮೆ ಕೈ ಬೀಸಿದಳು. ಶಂಶುದ್ದೀನ್ ಹುಟ್ಟನ್ನು ನೀರಿಗಿಳಿಸಿದ.