ಮೇಜಿಲ್ಲದ ಗ್ರಂಥಾಲಯ

"ನನ್ನ ಮೇಜು ಎಲ್ರೀ?"

ಹೊಸ ಗ್ರಂಥಾಲಯ ತೆರೆದ ದಿನ ಗ್ರಂಥಪಾಲಕಿ ಆಡಿದ ಮೊದಲ ಮಾತೇ ಇದು. ಕೇಳಿದ್ದು ಕಟ್ಟಡದ ಆರ್ಕಿಟೆಕ್ಟನ್ನು. ಗಾಜಿನ ಚಾವಣಿಯಿಂದ ಬೆಳಕು ಧಾರಾಳವಾಗಿ ಇಳಿಯುತ್ತಿತ್ತು. ಮೇಜು ಇರಬೇಕಾದ ಜಾಗದಲ್ಲಿ ಪುಸ್ತಕ ಕೊಡುವ, ವಾಪಸು ಪಡೆಯುವ ಯಂತ್ರಗಳು ಸಾಲಾಗಿ ನಿಂತಿದ್ದವು.

"ಬೇಡ ಅಂತ ನಾನೇ ತೆಗೆಸಿದೆ," ಎಂದ ಅವನು.

"ಹಾಗಾದ್ರೆ ನಾನೂ ಬೇಡ ಅನ್ನಿ!"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟಾಗಿತ್ತು. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಅವನು ದೀಪ, ಕಿಟಕಿ ನೋಡಲು ಬಂದಾಗಲೆಲ್ಲ ಅವಳಿಗೆ ದೂರದ ಕಪಾಟಿನಲ್ಲಿ ಕೆಲಸ ನೆನಪಾಗುತ್ತಿತ್ತು.

ಆದರೆ ಮೇಜಿಲ್ಲದ ಮೇಲೆ ಓಡಾಡಲೇಬೇಕಲ್ಲ! ಪುಸ್ತಕ ಎಲ್ಲಿದೆಯೆಂದು ತೋರಿಸುವ ಟಚ್ ಸ್ಕ್ರೀನ್ ಮುಟ್ಟಲು ಹೆದರುವ ಅಜ್ಜನ ಪಕ್ಕ ನಿಂತು ಕಲಿಸಿದಳು. ಹೆಡ್‌ಫೋನಿನಲ್ಲಿ ಕಾದಂಬರಿ ಕೇಳುತ್ತ ನಿದ್ದೆಹೋದ ಅಜ್ಜಿಯನ್ನು ಎಬ್ಬಿಸಿದಳು. ಹಳೆಯ ಗ್ರಂಥಾಲಯದಲ್ಲಿ ಅವಳ ಮೇಜಿನ ಹತ್ತಿರವೂ ಸುಳಿಯದವರು ಈಗ ಅವಳನ್ನು ನಿಲ್ಲಿಸಿ ಮಾತನಾಡಿಸತೊಡಗಿದರು. ಅವಳ ಕೋಪ ಯಾವಾಗ ಇಳಿಯಿತೋ ಅವಳಿಗೇ ತಿಳಿಯಲಿಲ್ಲ. ಕೋಪವಿದ್ದ ಜಾಗಕ್ಕೆ ಏನು ಬಂತೆಂದು ಮಾತ್ರ ಚೆನ್ನಾಗಿ ತಿಳಿಯಿತು.

ಒಂದು ಮಧ್ಯಾಹ್ನ ಅವಳ ಅಕ್ಕ ಬಂದಿದ್ದಳು. ವಾಚನಾಲಯದ ಬಾಗಿದ ಗೋಡೆಗೆ ಒತ್ತಿ ನಿಂತು ತಂಗಿ ಪಿಸುಗುಟ್ಟಿದಳು.

"ಅವರ ಕೆಲಸ ಇವತ್ತಿಗೆ ಮುಗೀತಂತೆ ಕಣೇ. ಇನ್ನು ಬರಲ್ಲ... ಮೇಜು ತೆಗೆಸಿದ್ದು ಸರಿ ಅಂತ ಒಂದ್ಮಾತು ಹೇಳ್ಬೇಕಿತ್ತು."

"ಅಷ್ಟೇನಾ ಹೇಳ್ಬೇಕಿರೋದು?"

"ಇಷ್ಟ ಆಗ್ಬಿಟ್ಟಿದ್ದಾರೆ ಅಕ್ಕ... ಯಾವ ಮುಖ ಇಟ್ಕೊಂಡು ಹೇಳ್ಲಿ?"

ಗೋಡೆಯ ಆ ತುದಿಯಲ್ಲಿ ಕೂತಿದ್ದ ಆರ್ಕಿಟೆಕ್ಟ್ ತಟ್ಟನೆ ಎದ್ದು ನಿಂತ. ಈ ತುದಿಯಲ್ಲಿ ಪಿಸುಗುಟ್ಟಿದ ಮಾತು ಗೋಡೆಯುದ್ದಕ್ಕೂ ಸಾಗಿ ಆ ತುದಿಯಲ್ಲಿ ಕೇಳಿಸುತ್ತದೆಂದು ಓದುಗರು ದೂರಿದ್ದರು. ಅದನ್ನೇ ಪರೀಕ್ಷಿಸಲು ಅವನು ಬಂದಿದ್ದ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆ ದೂರನ್ನು ಅವನಿಗೆ ಕಳುಹಿಸಿದವಳೇ ತಾನು! ಅಯ್ಯೋ, ಮರೆತೇಬಿಟ್ಟೆನಲ್ಲ...

ಅವನು ಓಡಿ ಬರಲಿಲ್ಲ. ಮತ್ತೆ ಗೋಡೆಯತ್ತ ಬಾಗಿದ.

"ಹಳೇ ಲೈಬ್ರರಿಗೆ ದಿನಾ ಬರ್ತಿದ್ದೆ. ಆ ಮೇಜಿನಾಚೆ ನೀವಿರ್ತಿದ್ರಿ. ಒಂದು ಪ್ರಶ್ನೆ ಕೇಳೋಕೂ ಧೈರ್ಯ ಬರ್ತಿರ್ಲಿಲ್ಲ. ನನ್ನ ಥರ ಹಿಂಜರಿಯೋರು ಇನ್ನೆಷ್ಟು ಜನ ಇದ್ರೋ! ಅದಕ್ಕೇ ತೆಗೆಸಿದೆ... ಮೇಜನ್ನ, ನಿಮ್ಮನ್ನಲ್ಲ. ನೀವಂದ್ರೆ ನನಗೆ ಆಗಿನಿಂದ್ಲೂ ಇಷ್ಟ."

ಒಂದಕ್ಷರವೂ ತಪ್ಪದೆ ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು, ಅವಳು ಅವಸರದಿಂದ ಯಾವುದೋ ಪುಸ್ತಕ ಹುಡುಕಲು ಹೋದಳು.

"ಕೇಳಿಸ್ತಾ?" ಎಂದ ಅವನು.

ಅವಳು ಗೋಡೆಯತ್ತ ಮುಖ ತಿರುಗಿಸಿದಳು.

"ಇಲ್ಲ... ಇಲ್ಲೇ ಬಂದು ಹೇಳಿ."